ಹೆದ್ದಾರಿಯಲ್ಲಿ ಸೊರಗುವ ಕಾರುಗಳು

ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯು ಚತುಷ್ಪಥವಾದ ಮೇಲೆ ಹಳೆಯ ಕಾರುಗಳ ಒಳರೋಗವೊಂದು ಬಯಲಿಗೆ ಬೀಳುವಂತಾಗಿದೆ. ಪೇಟೆಯಲ್ಲಿ ಚೆನ್ನಾಗಿಯೇ ಓಡುವ ಕಾರು, ಮರವಂತೆಯ ಕಡಲಂಚಿನಲ್ಲಿ 80 ಕಿಲೋಮೀಟರ್ ವೇಗ ಮುಟ್ಟಿದೊಡನೆ, ಎಷ್ಟು ತುಳಿದರೂ ಮುಂದಕ್ಕೆ ಎಳೆಯದು. ಲಾರಿಯೊಂದನ್ನು ಹಿಂದಿಕ್ಕುವಾಗ ಹೀಗಾದರೆ ಪ್ರಾಣಸಂಕಟವೇ ಸರಿ.

ಇದಕ್ಕೆಲ್ಲ ಶೇಕಡಾ 20 ಎಥೆನಾಲು ಬೆರೆತ ಪೆಟ್ರೋಲೇ ಕಾರಣವೆಂಬ ಕೂಗು 2025ರಿಂದ ಎದ್ದಿದೆ. ಅದು ಅರ್ಧಸತ್ಯ. ಎಥೆನಾಲಿನ ಶಾಖಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಮಿಶ್ರಣದಲ್ಲಿ ಆ ನಷ್ಟ ಶೇಕಡಾ 7ರಷ್ಟೇ. ಅಷ್ಟರಿಂದಲೇ ಕಾರು ಸೊರಗದು. ಆದರೆ ಎಥೆನಾಲು ಹಳೆಯ ಟ್ಯಾಂಕಿನ ಕಸವನ್ನು ಸಡಿಲಿಸುತ್ತದೆ. ಕಸವು ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ನಿಧಾನದ ಓಟಕ್ಕೆ ಬೇಕಾದಷ್ಟು ಪೆಟ್ರೋಲು ಅದರೊಳಗಿಂದ ಹಾಯ್ದೀತು, ವೇಗಕ್ಕೆ ಸಾಲದು. ಆದುದರಿಂದ ಮೊದಲು ಗಾಳಿಯ ಮತ್ತು ಇಂಧನದ ಫಿಲ್ಟರುಗಳು, ಬಳಿಕ ಎಂಜಿನಿನ ಮೇಲೆ ಭಾರವಿರುವಾಗಲೇ ಪಂಪಿನ ಒತ್ತಡ, ಕೊನೆಗೆ ಹೊಗೆಕೊಳವೆಯಲ್ಲಿನ ಕೆಟಲಿಟಿಕ್ ಕನ್ವರ್ಟರ್ ಪರೀಕ್ಷಿತವಾಗಬೇಕು. ನಿಂತಲ್ಲೇ ಎಂಜಿನು ಗುರುಗುಟ್ಟಿಸಿ, ಬೆಲೆಬಾಳುವ ಇಂಜೆಕ್ಟರುಗಳನ್ನು ಬದಲಿಸುವುದು ಗಿರಾಕಿಯ ಸುಲಿಗೆ.

ಎಥೆನಾಲಿಲ್ಲದ ಪೆಟ್ರೋಲೂ ದೊರೆಯಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಆದರೆ ಮಿಶ್ರಣದ ಪ್ರಮಾಣವನ್ನು ಪ್ರತಿಯೊಂದು ಪಂಪಿನ ಮೇಲೂ ಕನ್ನಡದಲ್ಲಿ ಬರೆಯಿಸುವುದಕ್ಕೆ ಸರಕಾರಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಡ.