ನಾಯಿಯ ಬಾಲಕ್ಕೆ ನಮ್ಮ ಕತ್ತರಿಯೇಕೆ?



ಕೆಲವು ತಿಂಗಳ ಹಿಂದೆ ಪರಿಚಿತ ಸದ್ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆನು. ಅಂಗಳದಿಂದ ಡಾಬರ್‌ಮನ್ ಜಾತಿಯ ಮರಿಯೊಂದು ಓಡಿಬಂದು ಕಾಲಿಗೆ ಸುತ್ತಿಕೊಂಡಿತು. ಸಂತೋಷದಿಂದ ಅದರ ಸೊಂಟವೆಲ್ಲ ಅತ್ತಿತ್ತ ತೂಗುತ್ತಿತ್ತು. ಆದರೆ ಆಡಿಸಲು ಬಾಲವಿರಲಿಲ್ಲ, ಹೆಬ್ಬೆರಳಿನಷ್ಟು ಮೊಂಡು ಮಾತ್ರ ಇತ್ತು. "ಇದರ ಬಾಲವೆಲ್ಲಿ?" ಎಂದು ಕೇಳಿದೆ. "ಈ ಜಾತಿಗೆ ಬಾಲವೇ ಇರುವುದಿಲ್ಲ, ಗುರುಗಳೇ" ಎಂದರು ಯಜಮಾನರು. ಅವರು ಸುಳ್ಳಾಡಲಿಲ್ಲ, ಹಾಗೆಂದೇ ನಂಬಿದ್ದರು. ಅವರು ಪದವೀಧರರು, ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಅಂಥವರೂ ಹೀಗೆ ನಂಬಿರುವುದರಿಂದಲೇ ಈ ಮಾತುಗಳನ್ನು ಬರೆಯಬೇಕಾಗಿದೆ.

ಡಾಬರ್‌ಮನ್ನಿಗೆ ಹುಟ್ಟುವಾಗ ಬಾಲವುಂಟು. ರಾಟ್‌ವೀಲರಿಗೂ ಉಂಟು, ಕಾಕರ್ ಸ್ಪ್ಯಾನಿಯಲ್ಲಿಗೂ ಉಂಟು. ಮರಿ ಹುಟ್ಟಿ ಮೂರರಿಂದ ಐದು ದಿನಗಳಾಗುವಷ್ಟರಲ್ಲಿ, ಅದಿನ್ನೂ ಕಣ್ಣು ಬಿಡುವ ಮುನ್ನವೇ, ಆ ಬಾಲವನ್ನು ಕತ್ತರಿಯಿಂದ ತುಂಡರಿಸುವರು. ಇಲ್ಲವೆ ರಬ್ಬರಿನ ಉಂಗುರವನ್ನು ಬಿಗಿದು, ರಕ್ತ ಹರಿಯದೆ ಅದು ಒಣಗಿ ಉದುರುವಂತೆ ಮಾಡುವರು. ಸಾಮಾನ್ಯವಾಗಿ ಅರಿವಳಿಕೆಯನ್ನೂ ಕೊಡುವುದಿಲ್ಲ. ಬಾಲವೆಂದರೆ ಉಗುರಲ್ಲ, ಕೂದಲಲ್ಲ; ಬೆನ್ನೆಲುಬಿನ ಮುಂದುವರಿಕೆ. ಎಲುಬು, ಸ್ನಾಯು, ನರ, ಚರ್ಮ ಎಲ್ಲವೂ ಒಂದೇ ಏಟಿಗೆ ಕತ್ತರಿಸಲ್ಪಡುತ್ತವೆ. ಕೆಲವು ವಾರಗಳ ತರುವಾಯ ಕಿವಿಯ ಸರದಿ. ಜೋಲುಕಿವಿಯನ್ನು ಮೊನಚಾಗಿ ಕತ್ತರಿಸಿ, ಅದು ನೆಟ್ಟಗೆ ನಿಲ್ಲಲೆಂದು ವಾರಗಟ್ಟಲೆ ಪಟ್ಟಿ ಕಟ್ಟುವರು. ಏತಕ್ಕಾಗಿ? ನೋಡುವವರ ಕಣ್ಣಿಗೆ ಗಂಭೀರವಾಗಿ ಕಾಣಬೇಕೆಂದು!

ಎಳೆಯ ಮರಿಗೆ ನೋವು ತಿಳಿಯದು ಎಂದು ಸಮಾಧಾನ ಹೇಳುವವರಿದ್ದಾರೆ. ಕಣ್ಣೂ ಕಿವಿಯೂ ತೆರೆಯದ ಆ ಮರಿ ತಾಯಿಯ ಮೊಲೆಯನ್ನು ಹುಡುಕಿಕೊಳ್ಳುವುದು ವಾಸನೆ ಮತ್ತು ಸ್ಪರ್ಶಗಳಿಂದಲ್ಲವೆ? ಹೊಟ್ಟೆಯ ಬಿಸುಪನ್ನು ಅರಿಯುವ ಚರ್ಮವು ಕತ್ತರಿಯ ಅಲಗನ್ನು ಅರಿಯದೆ? ಬಾಲಕ್ಕೆ ಕತ್ತರಿ ಬಿದ್ದಾಗ ಅದು ಚೀರುತ್ತದೆ. ಆ ಚೀರಾಟವನ್ನು ಕೇಳಿದವನೇ ನೋವಿಲ್ಲವೆಂದು ಹೇಳುವುದಾದರೆ, ಅರಿವಳಿಕೆ ಬೇಕಾಗಿರುವುದು ಮರಿಗಷ್ಟೇ ಅಲ್ಲ.

ಇನ್ನು ಸಂಪ್ರದಾಯದ ಮಾತು. ಮೊದಲನೆಯ ಶತಮಾನದ ರೋಮಿನ ಕೃಷಿಗ್ರಂಥಕಾರ ಕೊಲುಮೆಲ್ಲನು, ನಲವತ್ತು ದಿನದ ಮರಿಯ ಬಾಲದ ತುದಿಯನ್ನು ಕಚ್ಚಿ ತೆಗೆದರೆ ಅದಕ್ಕೆ ಹುಚ್ಚು ರೋಗ ಬಾರದೆಂದು ಕುರುಬರು ನಂಬಿದ್ದುದನ್ನು ಬರೆದಿಟ್ಟಿದ್ದಾನೆ. 1885ರಲ್ಲಿ ಪಾಶ್ಚರನು ಆ ರೋಗಕ್ಕೆ ಲಸಿಕೆಯನ್ನು ಕೊಟ್ಟ ಮೇಲೂ ಬಾಲ ಕತ್ತರಿಸುವುದು ಮಾತ್ರ ನಿಲ್ಲಲಿಲ್ಲ; ಕಾರಣ ಸತ್ತಿತು, ಕತ್ತರಿ ಉಳಿಯಿತು. ಅನಂತರ ಬಂದ ಕಾರಣ, ಬೇಟೆಯ ನಾಯಿಯ ಬಾಲ ಪೊದೆಗೆ ಸಿಕ್ಕಿ ಗಾಯವಾಗುವುದೆಂಬುದು. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಸುಮಾರು 1,38,000 ನಾಯಿಗಳ ದಾಖಲೆಗಳನ್ನು ಆಧರಿಸಿ, ಒಂದು ಬಾಲದ ಗಾಯವನ್ನು ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕಾದೀತು ಎಂದು ಲೆಕ್ಕ ಹಾಕಿತು. ನಮ್ಮ ನಗರಗಳ ಕಾಂಪೌಂಡಿನೊಳಗೆ ಸರಪಳಿಯಲ್ಲಿ ಮಲಗಿರುವ ನಾಯಿಗೆ ಯಾವ ಪೊದೆ, ಯಾವ ಬೇಟೆ?

ಬಾಲವು ನಾಯಿಯ ನಾಲಗೆ. 2007ರಲ್ಲಿ ಇಟಲಿಯ ಸಂಶೋಧಕರು ಕಂಡುಕೊಂಡಂತೆ, ಒಡೆಯನನ್ನು ಕಂಡ ನಾಯಿ ಬಾಲವನ್ನು ಹೆಚ್ಚಾಗಿ ಬಲಕ್ಕೂ, ಬೆದರಿಸುವ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೂ ಆಡಿಸುತ್ತದೆ. ಮರುವರ್ಷ ಕೆನಡಾದಲ್ಲಿ ಯಂತ್ರದ ನಾಯಿಯೊಂದಕ್ಕೆ ಒಮ್ಮೆ ಉದ್ದ ಬಾಲ, ಒಮ್ಮೆ ಮೋಟು ಬಾಲ ಜೋಡಿಸಿ ಪರೀಕ್ಷಿಸಿದರು. ಉದ್ದ ಬಾಲದ ಮಾತು ಬೇರೆ ನಾಯಿಗಳಿಗೆ ತಿಳಿಯಿತು. ಮೋಟು ಬಾಲ ಆಡಿದರೂ ನಿಂತರೂ ಅವುಗಳಿಗೆ ಭೇದ ತಿಳಿಯಲಿಲ್ಲ. ನಮ್ಮ ಮುಧೋಳ ನಾಯಿಯನ್ನು ನೋಡಿರಿ. ಮೊಲದ ಬೆನ್ನಟ್ಟಿ ಓಡುವಾಗ ತಿರುವಿನಲ್ಲಿ ಅದರ ನೀಳ ಬಾಲ ದೋಣಿಯ ಚುಕ್ಕಾಣಿಯಂತೆ ಬೀಸುತ್ತದೆ. 2005ರಲ್ಲಿ ಭಾರತೀಯ ಅಂಚೆ ಚೀಟಿಯ ಮೇಲೆ ಕಾಣಿಸಿಕೊಂಡ ಆ ನಾಯಿಗೆ ಸೌಂದರ್ಯ ಕಡಿಮೆಯೆಂದು ಯಾರು ಹೇಳಿಯಾರು?

ವಿದೇಶೀ ತಳಿಯ ಶುದ್ಧತೆಗಾಗಿ ಇದೆಲ್ಲ ಅವಶ್ಯವೆನ್ನುವವರು ಒಂದು ಸಂಗತಿಯನ್ನು ಗಮನಿಸಲಿ. ಡಾಬರ್‌ಮನ್ನಿನ ತವರಾದ ಜರ್ಮನಿಯೇ 1998ರಲ್ಲಿ, ಬೇಟೆಯ ನಾಯಿಗಳನ್ನುಳಿದು, ಬಾಲ ಕತ್ತರಿಸುವುದನ್ನು ನಿಷೇಧಿಸಿತು. ತವರಿನವರು ಬಾಲವನ್ನು ಉಳಿಸುತ್ತಿರಲು, ನಾವು ಅವರ ಹೆಸರಿನಲ್ಲಿ ಕತ್ತರಿಸುತ್ತಿದ್ದೇವೆ!

ನಮ್ಮ ದೇಶದಲ್ಲಿ ಭಾರತೀಯ ಪಶುವೈದ್ಯ ಪರಿಷತ್ತು 2011ರಲ್ಲಿ ಇದನ್ನು ಅನವಶ್ಯಕವೆಂದು ಸಾರಿತು; ಆ ಸೂಚನೆ ನ್ಯಾಯಾಲಯದ ವಿವಾದಕ್ಕೊಳಗಾಯಿತು. ಇರಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಅಂಗಚ್ಛೇದವನ್ನು ಅಪರಾಧವೆಂದೇ ಎಣಿಸುತ್ತದೆ. ದನಗಳ ಕೋಡು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು, ಇವಕ್ಕೆ ವಿನಾಯಿತಿ ಕೊಟ್ಟ ಆ ಕಾಯಿದೆ ನಾಯಿಯ ಬಾಲವನ್ನು ಆ ಪಟ್ಟಿಯಲ್ಲಿ ಸೇರಿಸಿಲ್ಲ. ಆದರೆ ಮೊದಲ ಅಪರಾಧಕ್ಕೆ ಅದು ಗೊತ್ತುಪಡಿಸಿದ ದಂಡ 50 ರೂಪಾಯಿಯನ್ನು ಮೀರದು. ಹೀಗಿರುವಾಗ ಕಾಯಿದೆಗೆ ಹೆದರಿ ಯಾರೂ ನಿಲ್ಲಿಸಲಾರರು.

ನಗರದವರನ್ನಷ್ಟೇ ದೂರುವುದು ಸರಿಯಲ್ಲ. ಕಿವಿ ಕತ್ತರಿಸಿದರೆ ನಾಯಿ ಚುರುಕಾಗುವುದೆಂದು ಮರಿಯ ಕಿವಿಗೆ ಕತ್ತಿ ಹಚ್ಚುವವರು ಹಳ್ಳಿಗಳಲ್ಲಿಯೂ ಇದ್ದಾರೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿನಾಯಿಯ ಕಿವಿಯಂಚಿನಲ್ಲಿ ಅರಿವಳಿಕೆಯಲ್ಲಿಯೇ ಮಾಡುವ ಸಣ್ಣ ಗುರುತಿನ ಮಾತು ಬೇರೆ. ಅದು ಆ ಪ್ರಾಣಿಯನ್ನು ಎರಡನೆಯ ಬಾರಿ ಹಿಡಿದು ಕೊಯ್ಯದಿರಲೆಂದು.

ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಪಶುವೈದ್ಯರು ಅನೇಕರಿದ್ದೀರಿ. ನಾನು ಒಲ್ಲೆನೆಂದರೆ ಇನ್ನೊಬ್ಬ ಮಾಡಿಯಾನು ಎಂದು ತಾವು ಹೇಳಬಹುದು. ಮಾಡಲಿ, ಆ ಕತ್ತರಿ ತಮ್ಮ ಕೈಯಲ್ಲಿರುವುದು ಬೇಡ. ಇನ್ನು ಮರಿಯನ್ನು ಕೊಳ್ಳುವ ಗೃಹಸ್ಥರೇ, ಮಾರುವವನು ಕತ್ತರಿಸುವುದು ತಮ್ಮ ಕಣ್ಣಿನ ರುಚಿಯನ್ನು ನಂಬಿಕೊಂಡು. ಮರಿ ತಮ್ಮ ಮನೆಗೆ ಬರುವಾಗ ಒಂದೂವರೆ, ಎರಡು ತಿಂಗಳಾಗಿರುತ್ತದೆ. ಬಾಲ ಹೋಗಿ ಆಗಲೇ ಬಹು ದಿನಗಳಾಗಿರುತ್ತವೆ. ಆಗ ಮರುಗಿ ಫಲವಿಲ್ಲ. ಆದುದರಿಂದ ತಾಯಿನಾಯಿ ಇನ್ನೂ ಗಬ್ಬವಾಗಿರುವಾಗಲೇ ಹೋಗಿ, ಬಾಲವಿರುವ ಮರಿಯನ್ನೇ ಕೊಳ್ಳುವೆವೆಂದು ಹೇಳಿ, ಮುಂಗಡ ಕೊಟ್ಟು ಬನ್ನಿರಿ.