ಚದರಡಿ ಲೆಕ್ಕದಲ್ಲಿ ಕಲೆ

ಶಿವಮೊಗ್ಗ ವಿಮಾನ ನಿಲ್ದಾಣದ ಟರ್ಮಿನಲ್ ಕಮಲದ ಆಕಾರದಲ್ಲಿ ಬರುತ್ತದೆ ಎಂದು ಸುದ್ದಿಯಾದಾಗ ನಮ್ಮಲ್ಲಿ ದೊಡ್ಡ ಜಗಳವೇ ನಡೆಯಿತು. ಅದು ಪಕ್ಷದ ಚಿಹ್ನೆ ಎಂದು ಕಾಂಗ್ರೆಸ್ಸಿನವರು, ರಾಷ್ಟ್ರೀಯ ಪುಷ್ಪ ಎಂದು ಬಿಜೆಪಿಯವರು. 2023ರ ಫೆಬ್ರುವರಿ 27ರಂದು ಪ್ರಧಾನಿ ಬಂದು ಉದ್ಘಾಟಿಸಿದರು, ಜಗಳ ತಣ್ಣಗಾಯಿತು. ಆ ಕಮಲವನ್ನು ಆರಿಸಿದವರು ಯಾರು, ಬೇರೆ ಎಷ್ಟು ವಿನ್ಯಾಸಗಳನ್ನು ಪಕ್ಕಕ್ಕಿಟ್ಟು ಅದನ್ನು ಎತ್ತಿಕೊಂಡರು, ಆರಿಸಲು ಕೂತವರಲ್ಲಿ ಕಲೆ ಬಲ್ಲವರು ಒಬ್ಬರಾದರೂ ಇದ್ದರೇ? ಈ ಪ್ರಶ್ನೆಗಳು ಎರಡೂ ಕಡೆಯವರ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ಮರುತಿಂಗಳೇ ಹೊಸಪೇಟೆ ರೈಲು ನಿಲ್ದಾಣ ಹಂಪಿಯ ವೇಷ ತೊಟ್ಟು ಲೋಕಾರ್ಪಣೆಯಾಯಿತು. ಹಂಪಿಯ ಕಂಬ, ಹಂಪಿಯ ಗೋಪುರ. ಹದಿಮೂರು ಕಿಲೋಮೀಟರ್ ಆಚೆ ಅಸಲಿ ಕಲ್ಲೇ ನಿಂತಿರುವಾಗ ರೈಲಿನಿಂದ ಇಳಿದವನಿಗೆ ಮೊದಲು ಅದರ ನಕಲನ್ನು ತೋರಿಸಬೇಕೆಂದು ಯಾರಿಗೆ ಹೊಳೆಯಿತೋ! ಊರಿಗೆ ಬರುವವರಿಗೆ ಊರಿನ ಗುರುತು ಕಾಣಲಿ ಎಂಬುದು ಸಮರ್ಥನೆ. ಒಪ್ಪೋಣ. ಹೊಸಪೇಟೆಗೆ ಹಂಪಿಯ ಹೊರತು ಬೇರೆ ಗುರುತಿಲ್ಲವೇ? ತುಂಗಭದ್ರಾ ಅಣೆಕಟ್ಟು ಕಟ್ಟಿದ ಕೂಲಿಯವರು, ಅದಿರಿನ ಲಾರಿಗಳ ಕೆಂಪು ಧೂಳು, ಕಬ್ಬಿನ ಗದ್ದೆ ಇವೆಲ್ಲ ಊರಿನದೇ. ಒಬ್ಬ ಚಿತ್ರಕಾರನನ್ನು ಕರೆದು ‘ನಿನಗೇನು ಕಾಣುತ್ತದೆ ಬರಿ’ ಎಂದಿದ್ದರೆ ಇವು ಗೋಡೆಗೆ ಬರುತ್ತಿದ್ದವೇನೋ. ನಮ್ಮ ಪದ್ಧತಿಯಲ್ಲಿ ಚಿತ್ರಕಾರನನ್ನು ಕರೆಯುವುದೇ ಇಲ್ಲ.

ಈ ಲೇಖನದ ತಕರಾರು ಅದೇ. ನಿಲ್ದಾಣದ ಗೋಡೆಯ ಮೇಲೆ ಏನು ಬರೆಯಬೇಕು ಎಂಬುದಕ್ಕೆ ನಾವು ಪ್ರತಿಸಲ ಬೀದಿಗಿಳಿಯುತ್ತೇವೆ. ಅದನ್ನು ಯಾರ ಕೈಗೆ ಯಾವ ರೀತಿಯಲ್ಲಿ ಕೊಡಲಾಗುತ್ತದೆ ಎಂಬುದನ್ನು ಕೇಳುವುದಿಲ್ಲ. ಕೆಟ್ಟ ಚಿತ್ರಗಳು ಹುಟ್ಟುವುದು ಅಲ್ಲಿ.

ಬಸ್ ನಿಲ್ದಾಣವೋ ರೈಲು ನಿಲ್ದಾಣವೋ ನವೀಕರಣಗೊಳ್ಳುವಾಗ ಭಿತ್ತಿಚಿತ್ರ ಸಾಮಾನ್ಯವಾಗಿ ಬರುವ ದಾರಿ ಇದು: ಸಿವಿಲ್ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಪ್ಲಾಸ್ಟರ್, ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್ ಎಲ್ಲ ಮುಗಿದ ಮೇಲೆ ಕೊನೆಯಲ್ಲೊಂದು ಸಾಲು. ‘ಗೋಡೆಯ ಮೇಲೆ ಕಲಾತ್ಮಕ ಚಿತ್ರಗಳನ್ನು ಬಿಡಿಸುವುದು’, ಚದರಡಿಗೆ ಇಷ್ಟು. ಇಡೀ ಕಾಮಗಾರಿಗೆ ಕಡಿಮೆ ದರ ಕೂಗಿದವನು ಎಲ್1. ಅವನು ಗಾರೆ ಕೆಲಸವನ್ನು ಒಬ್ಬನಿಗೆ ಕೊಟ್ಟಂತೆ ಚಿತ್ರದ ಕೆಲಸವನ್ನೂ ಇನ್ನೊಬ್ಬನಿಗೆ ಸಬ್‌ ಕಾಂಟ್ರಾಕ್ಟ್ ಕೊಡುತ್ತಾನೆ. ಕೊನೆಗೆ ಏಣಿ ಹತ್ತಿದ ಹುಡುಗನ ಕೈಗೆ ಬರುವುದು ಆ ಚದರಡಿ ದರದ ಒಂದು ಚೂರು, ಜೊತೆಗೆ ವಾಟ್ಸ್ಆಪ್‌ನಲ್ಲಿ ಬಂದ ಒಂದು ಫೋಟೊ. ಉದ್ಘಾಟನೆ ನಾಳಿದ್ದು, ಬೇಗ ಮುಗಿಸು. ಕಡೆಗೆ ಎಂಜಿನಿಯರ್ ಟೇಪು ಹಿಡಿದು ಉದ್ದ ಅಗಲ ಅಳೆದು ಎಂಬಿ ಎಂಬ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಚಿತ್ರದ ಬಗ್ಗೆ ಸರ್ಕಾರಿ ಕಡತದಲ್ಲಿ ಉಳಿಯುವ ವಿಮರ್ಶೆ ಅದೊಂದೇ. ಮದುವೆ ಮನೆಗೆ ಅಡುಗೆಯವನನ್ನು ಗೊತ್ತುಮಾಡುವಾಗ ಅವನ ಪಾತ್ರೆಗಳನ್ನು ತೂಕಕ್ಕೆ ಹಾಕಿ ನೋಡಿದಂತೆ.

ಚದರಡಿಗೆ ದುಡ್ಡು ಎಂದಮೇಲೆ ಖಾಲಿ ಜಾಗ ಬಿಟ್ಟವನಿಗೆ ನಷ್ಟ. ಗೋಡೆ ಪೂರ್ತಿ ತುಂಬಬೇಕು, ಯೋಚನೆ ಮಾಡುತ್ತ ಕೂರಬಾರದು. ಹಾಗಾಗಿ ಬೀದರಿನಿಂದ ಚಾಮರಾಜನಗರದವರೆಗೆ ಅದೇ ಕಲ್ಲಿನ ರಥ, ಅದೇ ಯಕ್ಷಗಾನದ ಕಿರೀಟ, ಅದೇ ಹುಲಿ, ಅದೇ ಮೈಸೂರು ಅರಮನೆ.

ಇದರಲ್ಲಿ ಬರೆದವರ ತಪ್ಪು ಹುಡುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2009ರ ಸುಮಾರಿಗೆ ಬೆಂಗಳೂರಿನ ಮಹಾನಗರ ಪಾಲಿಕೆ ರಸ್ತೆಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಿತು. ಬರೆದವರಲ್ಲಿ ಹೆಚ್ಚಿನವರು ಸಿನಿಮಾ ಬ್ಯಾನರ್, ಕಟೌಟ್, ಅಂಗಡಿ ಬೋರ್ಡು ಬರೆದು ಬದುಕಿದವರು, ಫ್ಲೆಕ್ಸ್ ಬಂದು ಕುಂಚ ಕಸಿದುಕೊಂಡ ಮೇಲೆ ಕೆಲಸವಿಲ್ಲದೆ ಕೂತಿದ್ದವರು. ಪೋಸ್ಟರ್ ಹಚ್ಚುವುದು, ಮೂತ್ರ ಮಾಡುವುದು ನಿಲ್ಲಲಿ ಎಂಬುದು ಪಾಲಿಕೆಯ ಉದ್ದೇಶ. ಗ್ಯಾಲರಿಯ ಕಲಾವಿದರಲ್ಲಿ ಕೆಲವರು ಮೂಗು ಮುರಿದರು. ನಲವತ್ತು ಅಡಿಯ ಕಟೌಟಿನಲ್ಲಿ ರಾಜ್‌ಕುಮಾರ್ ಮುಖವನ್ನು ರಸ್ತೆಯ ಆ ತುದಿಯಿಂದಲೂ ಗುರುತು ಸಿಗುವಂತೆ ಬರೆಯಬಲ್ಲವನಿಗೆ ದೊಡ್ಡ ಗೋಡೆಯನ್ನು ಆಳುವುದು ಗೊತ್ತಿಲ್ಲವೇ? ಆ ಪ್ರಮಾಣದಲ್ಲಿ ಕೆಲಸ ಮಾಡಿದ ಅನುಭವ ನಮ್ಮ ಎಷ್ಟು ಪದವೀಧರ ಕಲಾವಿದರಿಗಿದೆ? ಅವರಿಗೆ ವಿಷಯವನ್ನು ಮೇಲಿನಿಂದ ಕೊಟ್ಟರು, ಸಮಯ ಕೊಡಲಿಲ್ಲ, ಸ್ವಂತ ಯೋಚನೆ ಬೇಕೆಂದು ಯಾರೂ ಕೇಳಲಿಲ್ಲ. ದೋಷ ಇರುವುದು ಆದೇಶದಲ್ಲಿ.

ದುಡ್ಡೇ ಕೊಡದೆ ಬರೆಸಿಕೊಂಡ ಉದಾಹರಣೆಯೂ ಇದೆ. 2017ರ ಅಕ್ಟೋಬರಿನಲ್ಲಿ ಬಿಹಾರದ ಮಧುಬನಿ ರೈಲು ನಿಲ್ದಾಣದ ಏಳು ಸಾವಿರ ಚದರಡಿಗೂ ಹೆಚ್ಚಿನ ಗೋಡೆಯ ಮೇಲೆ ಅಲ್ಲಿನ ಕಲಾವಿದರು, ಅದರಲ್ಲೂ ಹೆಣ್ಣುಮಕ್ಕಳು, ತಮ್ಮ ಮನೆಗೋಡೆಯ ಚಿತ್ರಗಳನ್ನು ಬರೆದರು. ಕೂಲಿ ಇಲ್ಲ, ಅದು ಶ್ರಮದಾನ. ಮರುವರ್ಷ ಅಂದವಾದ ನಿಲ್ದಾಣಗಳ ಸ್ಪರ್ಧೆಯಲ್ಲಿ ಮಧುಬನಿಗೆ ಎರಡನೇ ಸ್ಥಾನ ಬಂತು. ಪ್ಲಾಟ್‌ಫಾರ್ಮಿಗೆ ಟೈಲ್ಸ್ ಹಾಕಿದವನ ಬಳಿ ಯಾವ ಇಲಾಖೆಯಾದರೂ ಶ್ರಮದಾನ ಕೇಳುತ್ತದೆಯೇ? ಚಿತ್ರ ಬರೆಯುವವಳ ಬಳಿ ಕೇಳಬಹುದು, ಏಕೆಂದರೆ ಅದು ಕೆಲಸವೇ ಅಲ್ಲ ಎಂಬ ನಂಬಿಕೆ.

ನಮ್ಮ ಮಲೆನಾಡಿನ ಹಸೆ ಚಿತ್ತಾರಕ್ಕೂ ಇದೇ ಗತಿ ಬರುತ್ತಿದೆ. ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು ಹಿಡಿದು, ಪುಂಡಿನಾರಿನ ಕುಂಚದಲ್ಲಿ ಎಳೆಯುವ ಆ ಗೆರೆ ಎಷ್ಟು ನವಿರು ಎಂದರೆ ಹತ್ತಿರ ಹೋಗಿ ನೋಡಿದರೆ ಮಾತ್ರ ಎಳೆಯ ಪಕ್ಕ ಎಳೆ ಬೇರೆ ಬೇರೆಯಾಗಿ ಕಾಣುತ್ತದೆ. ಅದನ್ನು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಗೆರೆ ದಪ್ಪ ಮಾಡಿ, ವಿನೈಲ್ ಶೀಟಿನ ಮೇಲೆ ಮುದ್ರಿಸಿ ಅಂಟಿಸಿದರೆ ‘ಸ್ಥಳೀಯ ಕಲೆಗೆ ಪ್ರೋತ್ಸಾಹ’ ಆಗಿಬಿಡುತ್ತದೆ. ಆ ಹೆಂಗಸರಲ್ಲಿ ಒಬ್ಬಳನ್ನಾದರೂ ಸಂಬಳ ಕೊಟ್ಟು ಕರೆಸಿ, ನಿಮ್ಮ ಕುಂಚಕ್ಕೆ ಎಂಥ ಗೋಡೆ ಬೇಕಮ್ಮ ಎಂದು ವಾಸ್ತುಶಿಲ್ಪಿ ಕೇಳಿದ್ದರೆ ಅದನ್ನು ಪ್ರೋತ್ಸಾಹ ಎನ್ನಬಹುದಿತ್ತು.

ಅಧಿಕಾರಿಗಳ ಉತ್ತರ ಸಿದ್ಧವಾಗಿದೆ. ಟೆಂಡರ್ ಕರೆಯದೆ ನಮಗೆ ಬೇಕಾದವರಿಗೆ ಕೊಟ್ಟರೆ ನೀವೇ ಭ್ರಷ್ಟಾಚಾರ ಅನ್ನುತ್ತೀರಿ, ಪಾರದರ್ಶಕತೆ ಕಾಯ್ದೆ ಇದೆ, ಕೈ ಕಟ್ಟಿದೆ. ಈ ಭಯ ಸುಳ್ಳಲ್ಲ. ಆದರೆ 1999ರ ಅದೇ ಕಾಯ್ದೆಯಲ್ಲಿ 4(ಜಿ) ಎಂಬ ವಿನಾಯಿತಿ ಇದೆ. ತುರ್ತು ಎಂದೋ ವಿಶೇಷ ಎಂದೋ ಅದನ್ನು ಯಾವ ಯಾವ ಕಾಮಗಾರಿಗೆ ಬಳಸಿದ್ದೀರಿ ಎಂದು ವಿಧಾನಮಂಡಲದಲ್ಲಿ ಎಷ್ಟು ಸಲ ಗದ್ದಲವಾಗಿದೆ! ಬೇಕಾದಾಗ ಬಿಚ್ಚಿಕೊಳ್ಳುವ ಕೈ ಚಿತ್ರದ ಮಾತು ಬಂದಾಗ ಮಾತ್ರ ಕಟ್ಟಿಹೋಗುವುದೇಕೆ? ಅಷ್ಟಕ್ಕೂ ನಾನು ಕೇಳುತ್ತಿರುವುದು ವಿನಾಯಿತಿಯನ್ನಲ್ಲ. ಕನ್ಸಲ್ಟೆಂಟರನ್ನು ನೇಮಿಸುವಾಗ ಗುಣಮಟ್ಟಕ್ಕೆ ಇಷ್ಟು ಅಂಕ, ದರಕ್ಕೆ ಇಷ್ಟು ಅಂಕ ಎಂದು ಆರಿಸುವ ವಿಧಾನ ಸರ್ಕಾರಿ ನಿಯಮಗಳಲ್ಲೇ ಇದೆ. ಫ್ಲೈಓವರ್ ಎಲ್ಲಿ ಹಾಯಬೇಕೆಂದು ವರದಿ ಬರೆಯುವವನನ್ನು ಹಾಗೆ ಆರಿಸಬಹುದಾದರೆ ಭಿತ್ತಿಚಿತ್ರ ಬರೆಯುವವನನ್ನೂ ಆರಿಸಬಹುದು. ಹಣವನ್ನು ಮೊದಲೇ ನಿಗದಿ ಮಾಡಿ ಪ್ರಕಟಿಸಿದರಾಯಿತು, ಆಮೇಲೆ ಪೈಪೋಟಿ ದರದ ಮೇಲಲ್ಲ, ವಿನ್ಯಾಸದ ಮೇಲೆ.

ಇನ್ನೊಂದು ಆಕ್ಷೇಪ: ಮೊದಲು ಶೌಚಾಲಯ ಸರಿಮಾಡಿ, ಆಮೇಲೆ ಚಿತ್ರ. ಶೌಚಾಲಯ ಖಂಡಿತ ಸರಿಮಾಡಿ. ಆದರೆ ಈಗಲೂ ಚಿತ್ರಕ್ಕೆ ದುಡ್ಡು ಹೋಗುತ್ತಲೇ ಇದೆಯಲ್ಲ, ಅದು ಗೋಡೆಯಿಂದ ಸಿಪ್ಪೆಯೇಳುವ ಚಿತ್ರಕ್ಕೆ ಯಾಕೆ ಹೋಗಬೇಕು? ನಿಲ್ದಾಣದ ಗೋಡೆಯ ಕಷ್ಟ ಗ್ಯಾಲರಿಯ ಗೋಡೆಗಿಲ್ಲ. ನೆಲದಿಂದ ಮೂರು ಅಡಿಯವರೆಗೆ ಎಲೆಅಡಿಕೆ, ಗುಟ್ಕಾ ಉಗುಳು. ಅದರ ಮೇಲೆ ಬೆನ್ನು, ತಲೆ ಒರಗಿ ಎಣ್ಣೆಯ ಜಿಡ್ಡು. ಬೆಳಗಿನ ಜಾವ ಪೈಪು ಹಿಡಿದು ತೊಳೆಯುವವರು ಗೋಡೆಗೂ ನೀರು ಬಿಡುತ್ತಾರೆ. ಮಳೆಗಾಲದಲ್ಲಿ ಒಳಗಿನಿಂದ ತೇವ. ಎಮಲ್ಷನ್ ಪೇಂಟಿನ ಚಿತ್ರ ಇಲ್ಲಿ ಎಷ್ಟು ವರ್ಷ ಬಾಳೀತು? ಕಲ್ಲು, ಸುಟ್ಟ ಮಣ್ಣು, ಮೊಸಾಯಿಕ್, ಮೆರುಗು ಹಂಚು ಇವು ನಿಲ್ದಾಣದ ಮಾಧ್ಯಮಗಳು. ಇಳಕಲ್ಲಿನ ಕೆಂಪು ಗ್ರಾನೈಟ್ ನಮ್ಮದು, ಕೋಲಾರದ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವವರು ನಮ್ಮವರು. ಆದರೆ ಗೋಡೆ ಕಟ್ಟುವ ಮೊದಲೇ ಕಲಾವಿದ ನಕ್ಷೆಯ ಮುಂದೆ ಕೂತರೆ ಮಾತ್ರ ಇದೆಲ್ಲ ಸಾಧ್ಯ. ಪ್ಲಾಸ್ಟರ್ ಒಣಗಿದ ಮೇಲೆ ಕರೆದರೆ ಪೇಂಟ್ ಬಿಟ್ಟು ಬೇರೆ ದಾರಿಯಿಲ್ಲ.

ಸ್ಟಾಕ್‌ಹೋಮ್ ನಗರದ ಮೆಟ್ರೊ ನೆಲದಡಿಯ ದೊಡ್ಡ ಕಲಾ ಗ್ಯಾಲರಿ ಎಂದು ಎಲ್ಲರೂ ಹೊಗಳುತ್ತಾರೆ. ನೂರು ನಿಲ್ದಾಣಗಳಲ್ಲಿ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಕಲಾಕೃತಿಗಳಿವೆ. ಅದು ತಾನಾಗಿ ಆದದ್ದಲ್ಲ. 1950ರ ದಶಕದಲ್ಲಿ ವೆರಾ ನಿಲ್ಸನ್, ಸಿರಿ ಡರ್ಕೆರ್ಟ್ ಎಂಬ ಇಬ್ಬರು ಕಲಾವಿದೆಯರು ನಿಲ್ದಾಣಗಳಲ್ಲಿ ಕಲೆಗೆ ಜಾಗ ಬೇಕೆಂದು ಪಟ್ಟು ಹಿಡಿದರು. 1965ರಲ್ಲಿ ಡರ್ಕೆರ್ಟ್ ಒಂದು ನಿಲ್ದಾಣದ ಕಾಂಕ್ರೀಟ್ ಗೋಡೆಯ ಮೇಲೆ ಮರಳು ಹೊಡೆಸಿ ಗೆರೆ ಕೊರೆದರು. ವಿಷಯ ಹೆಣ್ಣಿನ ಹಕ್ಕು, ಶಾಂತಿ, ಪರಿಸರ. ಯಾರಿಗೂ ನೋವಾಗದ ವಿಷಯಗಳೇನಲ್ಲ. ಆರು ದಶಕ ಕಳೆದರೂ ಗೋಡೆ ಹಾಗೇ ಇದೆ, ಪ್ರತಿದಿನ ಜನ ಅದರ ಮುಂದೆ ರೈಲು ಕಾಯುತ್ತಾರೆ.

ಎಲ್ಲ ಕಡೆಯೂ ಕಥೆ ಹೀಗೆ ಸುಖಾಂತವಲ್ಲ. ಅಮೆರಿಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರ ಕೆಲಸವಿಲ್ಲದ ಕಲಾವಿದರಿಗೆ ವಾರದ ಕೂಲಿ ಕೊಟ್ಟು ಸಾರ್ವಜನಿಕ ಗೋಡೆಗಳ ಮೇಲೆ ಬರೆಸಿತು. ನ್ಯೂಯಾರ್ಕ್ ಬದಿಯ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಆರ್ಷಿಲ್ ಗೋರ್ಕಿ ಹತ್ತು ಫಲಕ ಬರೆದ, 1937ರಲ್ಲಿ ಮುಗಿಯಿತು. ಯುದ್ಧಕಾಲದಲ್ಲಿ ಸೇನೆ ಕಟ್ಟಡ ವಹಿಸಿಕೊಂಡಿತು, ಚಿತ್ರಗಳ ಮೇಲೆ ಸುಣ್ಣದಂತೆ ಬಿಳಿ ಬಣ್ಣ ಬಿತ್ತು. 1970ರ ದಶಕದಲ್ಲಿ ಹುಡುಕಿದಾಗ ಹದಿನಾಲ್ಕು ಪದರ ಬಣ್ಣದ ಕೆಳಗೆ ಎರಡು ಫಲಕ ಸಿಕ್ಕವು. ಉಳಿದ ಎಂಟು ಹೋದವು. ಲಾಗಾರ್ಡಿಯಾ ವಿಮಾನ ನಿಲ್ದಾಣದ ಮರೀನ್ ಏರ್ ಟರ್ಮಿನಲ್‌ನಲ್ಲಿ ಜೇಮ್ಸ್ ಬ್ರೂಕ್ಸ್ 1942ರಲ್ಲಿ ಮುಗಿಸಿದ, ವೃತ್ತಾಕಾರದ ಹಜಾರವನ್ನು ಸುತ್ತುವರಿದ ‘ಫ್ಲೈಟ್’ ಚಿತ್ರದ ಮೇಲೂ 1950ರ ದಶಕದಲ್ಲಿ ಬಣ್ಣ ಬಳಿದರು. ಅದರಲ್ಲಿ ಎಡಪಂಥದ ವಾಸನೆ ಬಂತಂತೆ ಎಂಬ ಮಾತು ಇಂದಿಗೂ ಇದೆ. 1980ರಲ್ಲಿ ಬಣ್ಣ ಕೆರೆದು ಚಿತ್ರವನ್ನು ಮತ್ತೆ ಹೊರತೆಗೆದಾಗ ಬ್ರೂಕ್ಸ್ ಬದುಕಿದ್ದ. ಗೋರ್ಕಿ 1948ರಲ್ಲೇ ತೀರಿಕೊಂಡಿದ್ದ.

ನಮ್ಮಲ್ಲೂ ಇಂಥದ್ದು ನಡೆದಿದೆ. ದೆಹಲಿಯ ವಿಜ್ಞಾನ ಭವನಕ್ಕೆ ಅಮರನಾಥ ಸೆಹಗಲ್ ಮಾಡಿಕೊಟ್ಟ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ನವೀಕರಣದ ಹೆಸರಿನಲ್ಲಿ ಕಿತ್ತು ಉಗ್ರಾಣಕ್ಕೆ ಎಸೆದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನಡಿ ಕಲಾವಿದನ ಹಕ್ಕನ್ನು ಎತ್ತಿಹಿಡಿದು, ಕೃತಿಯ ಅವಶೇಷಗಳನ್ನು ಹಿಂದಿರುಗಿಸಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ದುಡ್ಡು ಕೊಟ್ಟು ಕೊಂಡ ಮಾತ್ರಕ್ಕೆ ಕೃತಿಯನ್ನು ಹಾಳುಗೆಡಹುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು ಆ ತೀರ್ಪು ಸ್ಪಷ್ಟವಾಗಿ ಹೇಳಿದೆ. ಇಪ್ಪತ್ತು ವರ್ಷ ಕಳೆದಿದೆ. ಚಿತ್ರವನ್ನು ಗಾರೆ ಕೆಲಸದ ಸಾಲಿನಲ್ಲಿ ಸೇರಿಸುವ ಅಂದಾಜುಪಟ್ಟಿಗೆ ಈ ತೀರ್ಪಿನ ಗಾಳಿ ಸೋಕಿಲ್ಲ. ಗುತ್ತಿಗೆದಾರನ ಹೆಸರು ಕಡತದಲ್ಲಿರುತ್ತದೆ, ಶಾಸಕರ ಹೆಸರು ಅಡಿಗಲ್ಲಿನಲ್ಲಿರುತ್ತದೆ, ಬರೆದವನ ಹೆಸರು ಎಲ್ಲೂ ಇರುವುದಿಲ್ಲ. ಹೆಸರೇ ಇಲ್ಲದವನು ಯಾವ ಕಲಮಿನಡಿ ಯಾರ ಬಾಗಿಲು ತಟ್ಟಬೇಕು?

ಅಮೃತ್ ಭಾರತ್ ಯೋಜನೆಯಡಿ 2023ರ ಆಗಸ್ಟ್ 6ರಂದು ಒಂದೇ ದಿನ ದೇಶದ 508 ರೈಲು ನಿಲ್ದಾಣಗಳ ಪುನರಭಿವೃದ್ಧಿಗೆ ಶಂಕುಸ್ಥಾಪನೆಯಾಯಿತು. ಪಟ್ಟಿಯಲ್ಲಿ ಕರ್ನಾಟಕದ ನಿಲ್ದಾಣಗಳೂ ಇವೆ. ಪ್ರತಿಯೊಂದಕ್ಕೂ ‘ಸ್ಥಳೀಯ ಸಂಸ್ಕೃತಿಯ ಪ್ರತಿಬಿಂಬ’ ಇರಬೇಕಂತೆ. ಇಷ್ಟು ಗೋಡೆಗಳು ಒಟ್ಟಿಗೆ ಮತ್ತೆ ಸಿಗುವುದಿಲ್ಲ. ಮೈಸೂರಿನ ಕಲಾ ಕಾಲೇಜು ಕಾವಾದಿಂದ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಿಂದ ಪ್ರತಿವರ್ಷ ಹೊರಬರುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಅನಿಮೇಷನ್ ಕಂಪನಿಗೋ ಶಾಲೆಯ ಡ್ರಾಯಿಂಗ್ ಮೇಷ್ಟರ ಕೆಲಸಕ್ಕೋ ಹೋಗುತ್ತಾರೆ. ಅವರಿಗೆ ಈ ಗೋಡೆಗಳ ಸುದ್ದಿಯೇ ಮುಟ್ಟುವುದಿಲ್ಲ. ನಮ್ಮ ಲಲಿತಕಲಾ ಅಕಾಡೆಮಿ, ಶಿಲ್ಪಕಲಾ ಅಕಾಡೆಮಿಗಳು ವರ್ಷಕ್ಕೊಮ್ಮೆ ಪ್ರಶಸ್ತಿ ಪ್ರಕಟಿಸಿ ಶಾಲು ಹೊದಿಸುವುದರಲ್ಲೇ ತೃಪ್ತಿಪಟ್ಟಿವೆ. ಸಾರಿಗೆ ನಿಗಮಗಳ ಬಾಗಿಲಿಗೆ ಹೋಗಿ ‘ನಿಮ್ಮ ಗೋಡೆಗೆ ಆಯ್ಕೆ ಸಮಿತಿ ನಾವು ಕೂರಿಸುತ್ತೇವೆ’ ಎಂದು ಕೇಳುವುದಕ್ಕೆ ಅವುಗಳನ್ನು ತಡೆದವರು ಯಾರು?

ಫಿಲಡೆಲ್ಫಿಯಾ ನಗರ 1959ರಲ್ಲೇ ಕಟ್ಟಡದ ವೆಚ್ಚದ ಶೇ 1ರಷ್ಟನ್ನು ಕಲೆಗೆ ಮೀಸಲಿಡುವ ಕಾನೂನು ತಂದಿತು. ಕರ್ನಾಟಕ ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ. ಸಾರಿಗೆ ಸಚಿವರು ಒಂದು ಸುತ್ತೋಲೆ ಹೊರಡಿಸಲಿ: ಭಿತ್ತಿಚಿತ್ರವನ್ನು ಸಿವಿಲ್ ಟೆಂಡರಿನಿಂದ ಹೊರತೆಗೆದು ವಿನ್ಯಾಸ ಸ್ಪರ್ಧೆ ಕರೆಯಬೇಕು, ಸಮಿತಿಯಲ್ಲಿ ಅರ್ಧದಷ್ಟಾದರೂ ಕಲಾವಿದರಿರಬೇಕು, ಕೊನೆಯ ಸುತ್ತಿಗೆ ಬಂದ ಪ್ರತಿ ವಿನ್ಯಾಸಕ್ಕೂ ಹಣ ಕೊಡಬೇಕು, ಗೋಡೆಯ ಮೇಲೆ ಬರೆದವರ ಹೆಸರಿರಬೇಕು, ಅವರಿಗೆ ತಿಳಿಸದೆ ಬಣ್ಣ ಬಳಿಯಬಾರದು. ಆಯ್ಕೆಯಾದ ವಿನ್ಯಾಸಗಳನ್ನು ತಿಂಗಳ ಕಾಲ ಆ ನಿಲ್ದಾಣದಲ್ಲೇ ತೂಗುಹಾಕಿ, ಬಸ್ಸಿಗೆ ಕಾಯುವವರು ನೋಡಲಿ, ಬೈಯುವವರು ಬೈಯಲಿ. ಕಮಲ ಬೇಡ ಎನ್ನುವವರು, ಬೇಕು ಎನ್ನುವವರು ಇಬ್ಬರೂ ಆ ತಿಂಗಳಲ್ಲೇ ಬಂದು ವಾದ ಮಾಡಲಿ. ಇಷ್ಟು ಮಾಡಲು ಹೊಸ ಕಾಯ್ದೆ ಬೇಕಿಲ್ಲ, ವಿಧಾನಸೌಧದ ಒಂದು ಸಹಿ ಸಾಕು. ನಿಮ್ಮ ಊರಿನ ನಿಲ್ದಾಣಕ್ಕೆ ಸಾರುವೆ ಕಟ್ಟಿದ್ದು ಕಂಡರೆ, ಚಿತ್ರ ಯಾರು ಬರೆಯುತ್ತಿದ್ದಾರೆ, ಅವರಿಗೆ ಎಷ್ಟು ಕೊಡುತ್ತಿದ್ದಾರೆ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಅವರು ಉತ್ತರ ಕೊಡಲೇಬೇಕು.