ನಡು ದಾರಿಯಲ್ಲಿ ನಿಲ್ಲುವ ಸೈಕಲ್

ಕಳೆದ ತಿಂಗಳು ಸವಣೂರು ತಾಲೂಕಿನ ಹಳ್ಳಿಯೊಂದರಿಂದ ಸಹೋದರಿಯೊಬ್ಬರು ನಮ್ಮ ಮನೆಗೆ ಬಂದಿದ್ದರು. ಗಂಡ ತೀರಿಹೋಗಿ ನಾಲ್ಕು ವರ್ಷ. ಹೊಲಿಗೆಯೇ ಜೀವನಾಧಾರ. ಹೊಲಿದ ಬಟ್ಟೆಗಳನ್ನು ಪೇಟೆಗೆ ತಲುಪಿಸಲು ಅನುಕೂಲವಾಗಲೆಂದು ಹಿರೇಕೆರೂರಿನಲ್ಲಿರುವ ತಮ್ಮ ಅವರ ಹಳೆಯ ಸೈಕಲ್ಲಿಗೆ ಮೋಟಾರು ಮತ್ತು ಬ್ಯಾಟರಿ ಜೋಡಿಸಿಕೊಟ್ಟಿದ್ದ. ಮಗಳು ಎಂಟನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಸಿಕ್ಕಿದ್ದ ಸೈಕಲ್ ಅದು. 2006-07ರಲ್ಲಿ ಆರಂಭವಾದ ಸರಕಾರದ ಆ ಯೋಜನೆಯ ಎಷ್ಟೋ ಸೈಕಲ್ಲುಗಳು ಇಂದು ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿವೆ. ಇದೊಂದು ಮನೆಯ ಅನ್ನಕ್ಕೆ ದಾರಿಯಾಗಿತ್ತು.

"ಆಪಾ, ಏರು ಬಂದ್ರ ಗಾಡಿ ನಿಂತ್ಬಿಡ್ತೈತಿ. ಹತ್ತು ನಿಮಿಷ ಕುಂತ್ರ ಮತ್ತ ನಡೀತೈತಿ. ಅಂಗಡಿಯವ್ರು ಬ್ಯಾಟರಿ ಹೋಗೇತಿ, ಹೊಸಾದು ಹಾಕ್ಸ್ರಿ ಅಂದ್ರು" ಎಂದರು. ಹೇಳುವಾಗ ಅವರ ಕೈ ಕಿವಿಯೋಲೆಯ ಮೇಲಿತ್ತು. ಅದನ್ನು ಒತ್ತೆಯಿಡುವ ವಿಚಾರದಲ್ಲಿದ್ದರು.

ನಾನು ಮದ್ರಸಾದಲ್ಲಿ ಕಲಿತು ಬಿ.ಎ. ಮುಗಿಸಿದವಳು. ಕರೆಂಟಿನ ಕೆಲಸ ನನ್ನದಲ್ಲ. ಆದರೆ ನಮ್ಮ ಮನೆಯಲ್ಲೂ ಇಂಥದೇ ಸೈಕಲ್ ಇದೆ. ಅದರೊಂದಿಗೆ ಏಗಿ ಒಂದಿಷ್ಟು ತಿಳಿದುಕೊಂಡಿದ್ದೇನೆ. ಮಕ್ಕಳಿಗೆ ಅಲಿಫ್ ಕಲಿಸದೆ ಮುಂದಿನ ಅಕ್ಷರಕ್ಕೆ ಹೋಗುವುದಿಲ್ಲ. ಇಲ್ಲೂ ಹಾಗೆಯೇ, ಮೊದಲು ಸಣ್ಣದನ್ನು ನೋಡಬೇಕು. ಬೆಲೆ ಹೆಚ್ಚಿನದನ್ನು ಕೊನೆಗೆ ಅನುಮಾನಿಸಬೇಕು.

ನಾನು ಕೇಳಿದ ಮೊದಲ ಪ್ರಶ್ನೆ: "ಗಾಡಿ ನಿಂತಾಗ ಹಿಡಿಕೆಯ ಮೇಲಿನ ದೀಪ ಉರಿಯುತ್ತಿರುತ್ತದೋ, ಆರಿಹೋಗುತ್ತದೋ?"

ಈ ಒಂದು ಉತ್ತರದಿಂದ ಅರ್ಧ ಕೆಲಸ ಮುಗಿಯುತ್ತದೆ. ದೀಪ ಉರಿಯುತ್ತಿದ್ದು ಮೋಟಾರು ಮಾತ್ರ ಸುಮ್ಮನಾದರೆ ಬ್ಯಾಟರಿಯಿಂದ ಕರೆಂಟು ಬರುತ್ತಿದೆ ಎಂದರ್ಥ. ಆಗ ಬ್ರೇಕಿನ ಹಿಡಿಯನ್ನು ನೋಡಿ. ಬ್ರೇಕ್ ಒತ್ತಿದಾಗ ಮೋಟಾರು ನಿಲ್ಲಲಿ ಎಂದು ಅದರೊಳಗೆ ಸಣ್ಣ ಸ್ವಿಚ್ ಇರುತ್ತದೆ. ಹಿಡಿ ಪೂರ್ತಿ ಹಿಂದಕ್ಕೆ ಬಾರದಿದ್ದರೆ ಬ್ರೇಕ್ ಒತ್ತಿಯೇ ಇದೆ ಎಂದು ಯಂತ್ರ ತಿಳಿಯುತ್ತದೆ. ಪರೀಕ್ಷೆಗೆಂದು ಆ ಸ್ವಿಚ್ಚಿನ ವೈರು ಬಿಚ್ಚಿದರೆ ಮರೆಯದೆ ಮತ್ತೆ ಜೋಡಿಸಿ. ಹಾನಗಲ್ ಕಡೆ ಮಳೆ ಹೆಚ್ಚು. ಅಲ್ಲಿನವರು ಆಕ್ಸಿಲರೇಟರಿಗೆ ನೀರು ಇಳಿದಿದೆಯೇ, ಚಕ್ರದ ಅಚ್ಚಿನ ಬಳಿ ವೈರು ಸವೆದಿದೆಯೇ ಎಂದೂ ನೋಡಬೇಕು.

ದೀಪವೇ ಆರಿಹೋದರೆ ಕರೆಂಟು ಬರುವ ದಾರಿಯಲ್ಲೇ ದೋಷವಿದೆ: ಬ್ಯಾಟರಿ, ಫ್ಯೂಸ್, ಸ್ವಿಚ್ ಅಥವಾ ನಡುವಿನ ಪ್ಲಗ್. ಗಾಡಿ ನಿಲ್ಲದೆ ಬರೀ ಎಳೆತ ಕಡಿಮೆಯಾದರೆ ಮೊದಲು ಟಯರಿನ ಗಾಳಿ ನೋಡಿ, ಬ್ರೇಕ್ ಚಕ್ರಕ್ಕೆ ತಾಗುತ್ತಿದೆಯೇ ಎಂದು ನೋಡಿ.

ಸಹೋದರಿಯ ಉತ್ತರ: "ಆರಿಹೋಗ್ತೈತ್ರಿ." ಅಳೆದು ನೋಡಿದರೆ ಬ್ಯಾಟರಿ 40 ವೋಲ್ಟ್ ತೋರಿಸಿತು. 36 ವೋಲ್ಟಿನ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 42 ಇರುತ್ತದೆ. ಆದರೆ ಸುಮ್ಮನೆ ನಿಂತಿರುವ ಬ್ಯಾಟರಿಯ ವೋಲ್ಟೇಜಿನಿಂದ ಎಲ್ಲವೂ ತಿಳಿಯದು. ಖಾಲಿ ಕೊಡ ಹೊತ್ತವಳ ಶಕ್ತಿ ತುಂಬಿದ ಕೊಡ ಹೊತ್ತಾಗ ತಾನೇ ಗೊತ್ತಾಗುವುದು? ಹಳೆಯ ಬ್ಯಾಟರಿ ಭಾರ ಬಿದ್ದಾಗ ಕುಸಿಯುತ್ತದೆ. ಹಾಗಾಗಿ ಅಂಗಡಿಯವರ ಮಾತು ನಿಜವಿರಲೂಬಹುದಿತ್ತು. ತೀರ್ಮಾನಿಸುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಬಿಚ್ಚಿದೆವು. ಒಂದು ಕಡೆ ಕಪ್ಪಾಗಿ ಕರಗಿತ್ತು!

ಪ್ಲಗ್ ಸಡಿಲವಾದರೆ ಅಲ್ಲಿ ಕರೆಂಟಿಗೆ ತಡೆ ಉಂಟಾಗುತ್ತದೆ. ತಡೆ 0.2 ಓಮ್ ಇದ್ದು, ಏರಿನಲ್ಲಿ 10 ಆಂಪಿಯರ್ ಹರಿದರೆ 2 ವೋಲ್ಟ್ ಅಲ್ಲೇ ನಷ್ಟ. ಜೊತೆಗೆ 20 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಸಣ್ಣ ಬೆಸುಗೆ ಕಡ್ಡಿಯ ಶಾಖ ಹೆಚ್ಚುಕಡಿಮೆ ಅಷ್ಟೇ. ಬಿಸಿಗೆ ಹಿಡಿತ ಇನ್ನಷ್ಟು ಸಡಿಲವಾಗಿ ಸಂಪರ್ಕ ತಪ್ಪುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಹತ್ತು ನಿಮಿಷದ ಗುಟ್ಟು ಇದೇ ಆಗಿತ್ತು.

ಬಲ್ಲವರ ಕೈಯಿಂದ ಹೊಸ ಪ್ಲಗ್ ಬೆಸೆಸಿದ್ದಾಯಿತು. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಬೇಕಿತ್ತು. ಇದಕ್ಕೆ ನೂರು ರೂಪಾಯಿಯೂ ಆಗಲಿಲ್ಲ. ಕಿವಿಯೋಲೆ ಕಿವಿಯಲ್ಲೇ ಉಳಿಯಿತು.

ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಅವರ ಇನ್ನೊಂದು ಮಾತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಗಿಲ ಬಳಿ ಬ್ಯಾಟರಿ ಚಾರ್ಜಿಗೆ ಇಡುತ್ತಿದ್ದರಂತೆ. ಸಹೋದರಿಯರೇ, ದಯವಿಟ್ಟು ಹೀಗೆ ಮಾಡಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಅದನ್ನು ಆರಿಸುವುದು ಬಲು ಕಷ್ಟ. ಬಾಗಿಲಲ್ಲೇ ಬೆಂಕಿಯಿದ್ದರೆ ಮಕ್ಕಳನ್ನು ಕರೆದುಕೊಂಡು ಹೊರಬರುವುದು ಹೇಗೆ? ಎಚ್ಚರವಿರುವಾಗ, ಬಟ್ಟೆಬರೆಯಿಂದ ದೂರ, ಅದರದೇ ಚಾರ್ಜರಿನಿಂದ ಚಾರ್ಜ್ ಮಾಡಿ. ಉಬ್ಬಿದ, ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಮುಟ್ಟದೆ ಬಲ್ಲವರಿಗೆ ತೋರಿಸಿ. ಫ್ಯೂಸ್ ಹೋದರೆ ತಂತಿ ಸುತ್ತಬೇಡಿ. ಬ್ಯಾಟರಿಯ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ಇದೆಲ್ಲ ಗಂಡಸರ ಕೆಲಸ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಶಿಗ್ಗಾವಿಯ ಹೆದ್ದಾರಿ ಬದಿಯಲ್ಲಿ ಸಂಜೆ ಗಾಡಿ ನಿಂತರೆ ಅದನ್ನು ತಳ್ಳಬೇಕಾದವಳು ಹೆಂಗಸೇ. ಆ ಸಹೋದರಿ ಈಗ ವಾರಕ್ಕೊಮ್ಮೆ ಗಾಡಿ ನಿಲ್ಲಿಸಿ, ಸ್ವಿಚ್ ಆರಿಸಿ, ಪ್ಲಗ್ ಹೊರಗಿನಿಂದ ಮುಟ್ಟಿ ಬಿಸಿ ನೋಡುತ್ತಾರೆ. ಮೊನ್ನೆ ಫೋನಿನಲ್ಲಿ ಹೇಳಿದರು: "ಆಪಾ, ತಣ್ಣಗೈತ್ರಿ."